ಎಡಗಡೆಯ ಗೋಪುರ

ಧಾರವಾಡದ ನಮ್ಮ ಓಣಿಯಲ್ಲಿ ಯಾರೋ ಒಂದು ಹಳೆಯ ಮನೆಯನ್ನು ಕೆಡವದೆ ರಿಪೇರಿ ಮಾಡಿಸುತ್ತಿದ್ದಾರೆ. ಸಿಮೆಂಟು ಬೇಡವೇ ಬೇಡ ಎಂದು ಹಟ ಹಿಡಿದು ಸುಣ್ಣದ ಗಾರೆ ಅರೆಸುತ್ತಿದ್ದಾರಂತೆ. ಮೊನ್ನೆ ಕಾಯಿಪಲ್ಯ ತರಲು ಹೋದವಳು ಆ ಮನೆಯ ಮುಂದೆ ಚೀಲ ಹಿಡಿದುಕೊಂಡು ನಿಂತೇಬಿಟ್ಟೆ. ನೆನೆದ ಸುಣ್ಣ, ಅದಕ್ಕೆ ಹೊಯ್ದ ಬೆಲ್ಲದ ನೀರು, ಎರಡೂ ಬಿಸಿಲಿಗೆ ಕೂಡಿ ಏಳುವ ಆ ಹುಳಿ ಬೆರೆತ ಸಿಹಿ ವಾಸನೆ. ಕೆಲಸದವನು, "ಏನ್ ಬೇಕಾಗಿತ್ರೀ ಅಜ್ಜೀ?" ಎಂದ. "ಏನೂ ಬ್ಯಾಡಪಾ, ವಾಸನಿ ತಗೊಳ್ಳಾಕ ನಿಂತೇನಿ" ಎಂದೆ. ಮನೆಗೆ ಬಂದು ಚೀಲ ಇಳಿಸಿದ ಮೇಲೂ ಮೂಗಿನಲ್ಲಿ ಅದೇ ಇತ್ತು, ಅದರ ಹಿಂದೆಯೇ ನೀಲವ್ವನ ಮುಖವೂ ಬಂತು.

ಎಪ್ಪತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯಲ್ಲಿ ನಕ್ಷೆ ತೆಗೆಯುವ ಡಿಪ್ಲೊಮಾ ಮುಗಿಸಿದ್ದ ನನಗೆ ಸರಕಾರಿ ಟ್ರೇಸರ್ ನೌಕರಿ ಸಿಕ್ಕಿತು. ಎಂಜಿನಿಯರರು ಪೆನ್ಸಿಲಿನಲ್ಲಿ ತೆಗೆದ ನಕ್ಷೆಯ ಮೇಲೆ ಪಾರದರ್ಶಕ ಕಾಗದ ಹಾಸಿ ಶಾಯಿಯಲ್ಲಿ ತಿದ್ದುವುದು ಟ್ರೇಸರ್ ಕೆಲಸ. ಬಿಜಾಪುರ ಜಿಲ್ಲೆಗೆ ಹಾಕಿದ್ದಾರೆ ಎಂದು ತಿಳಿದಾಗ ಗದಗಿನಲ್ಲಿದ್ದ ಅವ್ವ, "ಇಂಡಿಗರ ಹಾಕಿದ್ರ ನಿಂಬಿಹಣ್ಣರ ಸಿಗತಿದ್ವು" ಎಂದು ಗೊಣಗಿದಳು. ಇಂಡಿಯೂ ಅಲ್ಲ, ಸಿಂದಗಿಯೂ ಅಲ್ಲ. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಯ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಒಂದು ಸಣ್ಣ ಪೇಟೆ ಊರಿಗೆ. ಹೆಸರು ಬೇಡ. ಆಗ ಕೃಷ್ಣೆಗೆ ಆಣೆಕಟ್ಟು ಕಟ್ಟುವ ಕೆಲಸ ನಡೆದಿತ್ತು, ಕೈ ನೆಟ್ಟಗಿದ್ದ ನಕ್ಷೆಗಾರರನ್ನೆಲ್ಲ ಅತ್ತ ಎಳೆದುಕೊಂಡಿದ್ದರು. ಉಳಿದ ಊರುಗಳಿಗೆ ನನ್ನಂಥ ಹೊಸಬರು.

ಆ ಊರಿನಲ್ಲಿ ಬಸ್ಸು ನಿಂತಾಗ ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಇಳೀರಿ ಬಾಯಾರ, ಮಂದಿ ಇಳೀಬೇಕು" ಎಂದು ದೂಡಿದರು. ಎದುರಿಗೆ, ಎತ್ತಿನ ಗಾಡಿಗಳು ಬಿಟ್ಟ ಬಯಲಿನ ಆಚೆ, ಇಟಲಿಯಿಂದ ದಾರಿ ತಪ್ಪಿ ಬಂದಂಥ ಒಂದು ಕಟ್ಟಡ ನಿಂತಿತ್ತು.

ಇಟಲಿಯನ್ನು ನಾನು ಕಂಡವಳಲ್ಲ. ಡಿಪ್ಲೊಮಾದಲ್ಲಿ ಕಟ್ಟಡಗಳ ಚರಿತ್ರೆ ಎಂದು ಒಂದು ತಾಸು ಇರುತ್ತಿತ್ತು. ನಮ್ಮ ಮಾಸ್ತರರು ಒಮ್ಮೆ ಯುರೋಪಿನ ನಗರಸಭೆಗಳ ಚಿತ್ರ ತೋರಿಸಿ, "ಇದಕ್ಕ ಬರೋಕ್ ಅಂತಾರ. ಇಲ್ಲಿ ಯಾವ ಗೆರಿನೂ ನೆಟ್ಟಗ ನಿಂದರಾಕ ಒಲ್ಲದು. ಆದ್ರ ಒಂದು ನೆಪ್ಪಿಡ್ರಿ, ಎಡಕ್ಕ ಏನೈತಿ ಬಲಕ್ಕೂ ಅದ ಇರತೈತಿ" ಎಂದಿದ್ದರು. ಪರೀಕ್ಷೆಗೆ ಬರುವುದಿಲ್ಲ ಎಂದು ಉಳಿದವರೆಲ್ಲ ತೂಕಡಿಸಿದರು. ನಾನು ಎಚ್ಚರವಿದ್ದೆ, ಏಕೆಂದರೆ ನಾನು ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದೆ.

ಆ ಚಿತ್ರಗಳ ತಮ್ಮನೋ ದಾಯಾದಿಯೋ ಅನ್ನುವಂತಿತ್ತು ಇದು. ಕೆಳಗೆ ಕರಿಕಲ್ಲಿನ ಗಟ್ಟಿ ಅಡಿಪಾಯ, ಮೇಲೆ ಇಟ್ಟಿಗೆ ಮತ್ತು ಗಾರೆಯ ಎರಡು ಅಂತಸ್ತು. ಬಾಗಿಲಿನ ಎರಡೂ ಬದಿಗೆ ಹಿಂಡಿದ ಸೀರೆಯಂತೆ ತಿರುಚಿಕೊಂಡ ಕಂಬಗಳು. ಗೋಡೆಯ ಅಂಚಿಗೆಲ್ಲ ಚಕ್ಕಲಿ ಸುತ್ತಿಟ್ಟಂಥ ಸುರುಳಿಗಳು. ನೆತ್ತಿಯಲ್ಲಿ ಎರಡು ಕಡೆಯಿಂದ ಏರಿ ಬಂದ ಬಾಗು ನಡುವೆ ಕೂಡದೆ ಹಾಗೇ ಬಿಟ್ಟುಕೊಂಡು, ಆ ಸಂದಿನಲ್ಲಿ ಒಂದು ಗಡಿಯಾರ. ಗಡಿಯಾರವೂ ಗಾರೆಯದೇ, ಮುಳ್ಳುಗಳೂ ಗಾರೆಯವೇ. ಊರಿನವರ ಬಾಯಲ್ಲಿ ಅದು ಟಾವನ್ ಹಾಲು; ಸಾಲ ಕೇಳಿದವರಿಗೆ ಅಂಗಡಿಯವರು, "ಟಾವನ್ ಹಾಲಿನ ಗಡಿಯಾರದಾಗ ಐದ ಆದ ಕೂಡ್ಲೆ ಬಾ" ಎನ್ನುತ್ತಿದ್ದರು. ಬಲಗಡೆ ಗುಮ್ಮಟ ಹೊತ್ತ ಚೆಂದದ ಕಲ್ಲಿನ ಗೋಪುರ.

ಎಡಗಡೆ ಏನೂ ಇಲ್ಲ. ಗೋಡೆ ಅಲ್ಲಿಗೆ ಬಂದು ನಿಂತುಬಿಟ್ಟಿತ್ತು. ತುದಿಯ ಕಿಟಕಿಯೂ ಅರ್ಧ. ಕೆಳಗೆ, ಜಾಲಿ ಬೆಳೆದ ಒಂದು ಕಲ್ಲಿನ ರಾಶಿ.

"ಬಿದ್ದ ಗೋಪುರ ಅದು" ಎಂದರು ನಮ್ಮ ಓವರ್‌ಸಿಯರ್ ಪಾಟೀಲ ಸಾಹೇಬರು, ಮರುದಿನ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಊರಿನ ಆಫೀಸು, ವಾಚನಾಲಯ ಎಲ್ಲವೂ ಆ ಕಟ್ಟಡದಲ್ಲೇ ಇದ್ದವು. ಮಳೆಗಾಲಕ್ಕೆ ಮೊದಲು ಅದು ಗಟ್ಟಿ ಇದೆಯೋ ಇಲ್ಲವೋ ಎಂದು ಇಲಾಖೆ ಬರೆದುಕೊಡಬೇಕಾಗಿತ್ತು. ಸಾಹೇಬರ ತೀರ್ಮಾನ ಆಗಿಹೋಗಿತ್ತು. "ಒಂದು ಕಡಿ ಗೋಪುರ ಬಿದ್ದೈತಿ, ನೆತ್ತಿ ಮ್ಯಾಲಿನ ಕಮಾನು ಸೀಳೈತಿ. ಇನ್ನೊಂದು ಕಡಿ ಬೀಳೂದ ಬಾಕಿ. ನೀವು ಇದ್ದದ್ದು ಇದ್ದಂಗ ನಕ್ಷಾ ತಗೀರಿ. ಬಿಜಾಪುರದಿಂದ ದೊಡ್ಡ ಸಾಹೇಬ್ರು ಬಂದು ನೋಡಿ, ಕೆಡವಾಕ ಸಹಿ ಹಾಕ್ತಾರ. ಇದ ಕಲ್ಲಿನಾಗ ಹೊಸಾದು ಕಟ್ಟಿಸಿದ್ರಾತು."

"ಸರ, ಕಮಾನು ಸೀಳಿಲ್ರಿ. ಬರೋಕ್ ಒಳಗ ಅದು ಹಂಗ ಇರತೈತಿ."

"ಬಾಯಾರ, ನಾಳೆ ಯಾರದರ ತಲಿ ಮ್ಯಾಲ ಬಿದ್ರ ನಿಮ್ಮ ಬರೋಕ್ ಬಂದು ಜಬಾಬು ಕೊಡತೈತೇನ್ರಿ?"

ಕೆಟ್ಟ ಮನುಷ್ಯ ಅಲ್ಲ ಪಾಟೀಲರು. ನಿವೃತ್ತಿ ಹತ್ತಿರವಿತ್ತು, ಸಹಿ ಹಾಕುವಾಗಲೆಲ್ಲ ಕೈ ತಡೆಯುತ್ತಿತ್ತು. ಹುಡುಗಿ ಬಿಸಿಲಿನಲ್ಲಿ ಅಳತೆ ಹಿಡಿಯುತ್ತಾಳೆಂದು ತಮ್ಮ ಛತ್ರಿಯನ್ನೇ ಕೊಟ್ಟು, ತಾವು ತಲೆಗೆ ಟವೆಲ್ ಸುತ್ತಿಕೊಂಡು ಹೋದರು.

ನನಗೆ ಮನೆ ಸಿಕ್ಕಿದ್ದು ನೀಲವ್ವನ ಮನೆಯಲ್ಲಿ, ಹಿಂದಿನ ಒಂದು ಖೋಲಿ. ಅರವತ್ತರ ಆಸುಪಾಸಿನ ವಿಧವೆ, ಮಾತು ಒರಟು, ಕೈ ಧಾರಾಳ. ಬೆಳಿಗ್ಗೆ ಬಿಸಿ ರೊಟ್ಟಿ, ಸಂಜೆ ಕಟ್ಟೆಯ ಮೇಲೆ ಕೂತರೆ ಒಂದು ತಗಡಿನ ಮುಚ್ಚಳದಲ್ಲಿ ಹುರಿದ ಶೇಂಗಾ ಅಥವಾ ಚುರುಮುರಿ. ಮುಚ್ಚಳ ಒಂದೇ ಇತ್ತು, ಡಬ್ಬಿ ಇರಲಿಲ್ಲ. ಬಣ್ಣವೆಲ್ಲ ಹೋಗಿ ಬೆಳ್ಳಗೆ ಹೊಳೆಯುತ್ತಿದ್ದ ಅದನ್ನು ಆಕೆ ಬೂದಿ ಹಚ್ಚಿ ತಿಕ್ಕಿ ತೊಳೆದು ಇಡುತ್ತಿದ್ದಳು. ನಾನು ಆಕೆಯನ್ನು ಆಯಿ ಎಂದು ಕರೆಯುತ್ತಿದ್ದೆ. ಆಕೆ ನನ್ನನ್ನು ಬಾಯಾರ ಎನ್ನುವುದನ್ನು ಕಡೆಯವರೆಗೂ ಬಿಡಲಿಲ್ಲ.

ಟಾವನ್ ಹಾಲಿನ ನಕ್ಷೆ ತೆಗೆಯುತ್ತಿದ್ದೇನೆ ಎಂದು ಹೇಳಿದ ದಿನ ಆಕೆ ಸುಮ್ಮನೆ ಎದ್ದು ಒಳಗೆ ಹೋದಳು. ವಿಚಿತ್ರ ಎನಿಸಿತು. ಆಮೇಲೆ ಗಮನಿಸಿದೆ: ಸಂತೆಗೆ ಹೋಗಲು ಬಯಲಿನ ನೆಟ್ಟಗಿನ ದಾರಿ ಬಿಟ್ಟು, ಆಕೆ ಓಣಿ ಓಣಿ ಸುತ್ತಿಕೊಂಡು ಹೋಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಕೆದಕುವ ಚಟ ನನಗೆ ಹುಟ್ಟಿನಿಂದ ಬಂದದ್ದು.

ಆ ಬೇಸಿಗೆ ಬೆಳಗಿನ ತಂಪಿನಲ್ಲಿ ಅಳತೆ, ಬಿಸಿಲು ಏರಿದ ಮೇಲೆ ಹಾಲಿನ ಒಳಗೆ ಕೂತು ನಕ್ಷೆ. ಒಳಗೆ ತಾಳಿಕೋಟೆಯ ಪರಸಿಗಲ್ಲಿನ ನೆಲ, ಬರಿಗಾಲಿಗೆ ಬಾವಿಯ ನೀರಿನ ತಂಪು. ಏಣಿ ಹಾಕಿ ಗೋಡೆ ಹತ್ತಿದಾಗ ದಿನಕ್ಕೊಂದು ಸೋಜಿಗ. ಯುರೋಪಿನ ಅಂಥ ಕಟ್ಟಡಗಳ ಮೇಲೆ ರೆಕ್ಕೆಯ ದುಂಡು ಕೂಸುಗಳ ಗೊಂಬೆಗಳಿರುತ್ತವೆ. ಇಲ್ಲೂ ಇದ್ದವು, ಗಡಿಯಾರದ ಅಕ್ಕಪಕ್ಕ. ಆದರೆ ಹತ್ತಿರ ಹೋಗಿ ನೋಡಿದರೆ ಪ್ರತಿ ಕೂಸಿನ ನಡುವಿಗೂ ಗಾರೆಯಲ್ಲೇ ಎಳೆದ ಉಡದಾರ! ಬೆನ್ನಿಗೆ ರೆಕ್ಕೆ ಇಲ್ಲ. ತಲೆಗೆ ಕುಂಚಿಗೆ ಕಟ್ಟಿದ್ದಾರೆ. ನಮ್ಮ ಕಡೆ ಎಳೆ ಕೂಸಿಗೆ ತೊಡಿಸುವ, ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಟೊಪ್ಪಿಗೆಯೇ ಕುಂಚಿಗೆ. ಅದು ಗಾಳಿಗೆ ಎರಡೂ ಕಡೆ ಹಾರಿದಂತೆ ಮಾಡಿದ್ದ, ಮಾಡಿದವ. ಏಣಿಯ ಮೇಲೆ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಬೀಳಲಿಲ್ಲ, ಪುಣ್ಯ.

ಊರಿನವರಿಗೆ ಅವು ಗುಂಡ್ಯಾಗಳು. ಬಾಣಂತನ ಮುಗಿಸಿ ಕೂಸನ್ನು ಮೊದಲ ಸಲ ಹೊರಗೆ ತಂದ ತಾಯಂದಿರು ಹಾಲಿನ ಮುಂದೆ ನಿಂತು, ಕೂಸನ್ನು ಎತ್ತಿ ಹಿಡಿದು, "ನೋಡು, ಗುಂಡ್ಯಾನಂಗ ಆಗಬೇಕು" ಎಂದು ತೋರಿಸಿಕೊಂಡು ಹೋಗುವುದನ್ನು ನಾನೇ ಕಂಡೆ. ಬರೋಕಿನ ದೇವದೂತರು ಇಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ಬೇರೆ ಯಾವ ಊರಿನಲ್ಲೂ ಕೇಳಿಲ್ಲ.

ಸಂಜೆ ನಗುತ್ತಲೇ ನೀಲವ್ವನಿಗೆ ಹೇಳಿದೆ. "ಆಯಿ, ಆ ಗುಂಡ್ಯಾಗೋಳಿಗೆ ಉಡದಾರ ಕಟ್ಯಾರ ನೋಡ್ರಿ!"

"ಮತ್ತ? ಕೂಸಿಗೆ ಉಡದಾರ ಇಲ್ದ ಬಿಡತಾರೇನ್ರಿ?" ಎಂದಳು ಥಟ್ಟನೆ. ಶೇಂಗಾದ ಸಿಪ್ಪೆ ಊದುತ್ತ, "ನಮ್ಮಪ್ಪ ಮಾಡಿದ್ದು ಅವು" ಎಂದಳು.

ಆ ಸಂಜೆ ಎಲ್ಲ ಹೊರಗೆ ಬಂತು. ಆಕೆಯ ತಂದೆ ಗೌಂಡಿ ಮಲ್ಲಪ್ಪ. ಊರಿನ ಒಬ್ಬ ಅಡತಿ ವ್ಯಾಪಾರಿ ಹತ್ತಿ ಮಾರಲು ಮುಂಬಯಿಗೆ ಹೋಗಿ, ಅಲ್ಲಿಯ ದೊಡ್ಡ ಇಮಾರತಿಗಳನ್ನು ಕಂಡು ಮರುಳಾಗಿ ಬಂದು, "ನಮ್ಮೂರಾಗೂ ಅಂಥಾದ್ದೊಂದು ಕಟ್ಟು" ಎಂದು ಮಲ್ಲಪ್ಪನಿಗೆ ಹೇಳಿದ. ಮಲ್ಲಪ್ಪ ಮುಂಬಯಿ ನೋಡಿದವನಲ್ಲ. ಹೇಗೋ ಕಟ್ಟಿದ. ಕಟ್ಟಿ ಮುಗಿದ ವರ್ಷವೇ ವ್ಯಾಪಾರಿ ತೀರಿಕೊಂಡ, ಮಲ್ಲಪ್ಪ ಕೆಲಸಕ್ಕೆ ಸೊಲ್ಲಾಪುರಕ್ಕೆ ಹೋದ. ಬಹಳ ವರ್ಷ ಬಿಟ್ಟು ತಿರುಗಿ ಬರುವಷ್ಟರಲ್ಲಿ ಕಟ್ಟುವುದನ್ನು ಕಂಡ ಹಿರಿಯರು ಹೋಗಿ ಹೊಸ ತಲೆಮಾರು ಬೆಳೆದಿತ್ತು. ಮೇಲೆ ನೋಡಿದರೆ ಒಂದೇ ಗೋಪುರ, ಕೆಳಗೆ ನೋಡಿದರೆ ಕಲ್ಲಿನ ರಾಶಿ. ಯಾರಾದರೂ ಏನು ತಿಳಿಯಬೇಕು? ಅವನಿಗೆ ಬಿದ್ದ ಗೋಪುರದ ಮಲ್ಲಪ್ಪ ಎಂದೇ ಹೆಸರಾಯಿತು. ಆಮೇಲೆ ಊರಿನಲ್ಲಿ ಯಾರೂ ಅವನ ಕೈಯಲ್ಲಿ ಒಂದು ಗೋಡೆಯನ್ನೂ ಕಟ್ಟಿಸಲಿಲ್ಲ.

"ಬಿದ್ದಿಲ್ಲ, ಬಿದ್ದಿಲ್ಲ ಅಂತಿದ್ದ ಅಪ್ಪ. ಯಾರ ಕೇಳತಾರ? ಯಾವ ಗೌಂಡಿ ತಾ ಕಟ್ಟಿದ್ದು ಬಿತ್ತು ಅಂತ ಒಪ್ಪತಾನ್ರಿ? ನನ್ನ ಮದುವಿ ಮಾತುಕತಿ ನಡದಾಗ ಗಂಡಿನವ್ರು ಅದನ್ನ ಎತ್ತಿ ಆಡಿದ್ರು. ನಾ ಒಳಗ ಹೋಗಿ ಅಪ್ಪಗ ಅಂದೆ: ಬಿದ್ದಿದ್ರ ಬಿದ್ದೈತಿ ಅಂದ್ಬಿಡು, ನಿನ್ನ ಸುಳ್ಳಿಗೆ ನನ್ನ ಬಾಳೇವು ಹಾಳಾಗೂದು ಬ್ಯಾಡ." ನೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತಿಂದ ಅಂವ ಅದರ ಮಾತು ಎತ್ತಲಿಲ್ರಿ. ಈಗ ಕೆಡವತಾರಂತ. ಕೆಡವಲಿ ಬಿಡ್ರಿ. ಇದ್ರೂ ಅಂವಗ ಕೆಟ್ಟ ಹೆಸರ, ಹೋದ್ರೂ ಕೆಟ್ಟ ಹೆಸರ."

ಆಕೆಯ ತಂದೆ ಸುಳ್ಳು ಹೇಳಿದನೆಂದು ನಾನೂ ನಂಬಿದ್ದೆ. ಎಡಕ್ಕೆ ಏನಿದೆಯೋ ಬಲಕ್ಕೂ ಅದೇ ಇರಬೇಕಲ್ಲ, ಮಾಸ್ತರರು ಹೇಳಿದ್ದರಲ್ಲ.

ಆದರೂ ಮರುದಿನ ಎಡತುದಿಯ ಆ ಅರ್ಧ ಕಿಟಕಿಯ ಹತ್ತಿರ ಏಣಿ ಹಾಕಿಸಿದೆ. ಗೋಪುರ ಬೀಳುವಾಗ ಕಿಟಕಿಯ ಉಳಿದ ಅರ್ಧವೂ ಹೋಯಿತು ಎಂದು ಎಲ್ಲರೂ ಅನ್ನುತ್ತಿದ್ದರು. ಚೌಕಟ್ಟು ಮುಟ್ಟಿ ನೋಡಿದೆ. ಸಾಗವಾನಿ. ನಾಲ್ಕೂ ಬದಿ ಇದ್ದವು, ನಾಲ್ಕೂ ಮೂಲೆಯ ಕೀಲುಗಳು ಇದ್ದವು. ಅದನ್ನು ಅರ್ಧವಾಗಿಯೇ ಮಾಡಿ ಕೂರಿಸಿದ್ದರು. ಮೇಲಿನ ಕಮಾನು ಮಾತ್ರ ನಡುವಿಗೇ ಕತ್ತರಿಸಿದಂತೆ ನಿಂತಿತ್ತು, ಅದರ ಅಂಚಿಗೂ ನುಣುಪಾದ ಗಾರೆ. ಪೂರಾ ಕಿಟಕಿಗೆ ಜಾಗವಿದ್ದರೂ ಅರ್ಧ ಕಿಟಕಿಯನ್ನು ಯಾರಾದರೂ ಬೇಕೆಂದೇ ಏಕೆ ಮಾಡುತ್ತಾರೆ? ಆ ದಿನವೆಲ್ಲ ನನ್ನ ತಲೆಯಲ್ಲಿ ಅದೊಂದೇ. ಊಟಕ್ಕೆ ಕೂತಾಗ ರೊಟ್ಟಿಯನ್ನು ಎರಡು ಮಾಡಿ ನೋಡುತ್ತ ಕೂತಿದ್ದೆ, ನೀಲವ್ವ "ರೊಟ್ಟಿ ಕೆಟ್ಟಾವೇನ್ರಿ?" ಎಂದಳು.

ಸಂಜೆ ಕಟ್ಟೆಯ ಮೇಲೆ ಎಂದಿನಂತೆ ಶೇಂಗಾ ಬಂತು. ಮಾತಿನ ಭರದಲ್ಲಿ ಶೇಂಗಾ ಖಾಲಿಯಾಗಿ, ಬೆರಳು ತಗಡನ್ನು ಸವರುತ್ತಿತ್ತು. ಅಲ್ಲೊಂದು ತಗ್ಗು ಇತ್ತು. ತಗ್ಗು ಅಲ್ಲ, ಸುರುಳಿ. ಅದರ ಪಕ್ಕ ಇನ್ನೊಂದು ಸುರುಳಿ. ದಿನವಿಡೀ ಕೈಯಲ್ಲಿ ಎಳೆದ ಗೆರೆಗಳು ಬೆರಳಿಗೆ ಗುರುತು ಹತ್ತಿದವು. ನಾನು ಎದ್ದು ಖೋಲಿಗೆ ಓಡಿ ನನ್ನ ಟ್ರೇಸಿಂಗ್ ಕಾಗದ, ಪೆನ್ಸಿಲು ತಂದೆ. ಮುಚ್ಚಳವನ್ನು ಬೋರಲು ಹಾಕಿ, ಮೇಲೆ ಕಾಗದ ಹಾಸಿ, ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ತಿಕ್ಕಿದೆ. ಎಳೆಯ ವಯಸ್ಸಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುತ್ತಿದ್ದೆವಲ್ಲ, ಹಾಗೆ.

ಮೊದಲು ಗಡಿಯಾರ ಬಂತು. ಅದರ ಎರಡೂ ಕಡೆ ಬಾಗು. ದುಂಡು ಕೂಸುಗಳು, ಬೆನ್ನಿಗೆ ಹಾರುವ ಏನೋ. ತಿರುಚಿದ ಕಂಬಗಳು. ಬಲಗಡೆ ಗುಮ್ಮಟದ ಗೋಪುರ. ಅದು ಯಾವುದೋ ವಿಲಾಯತಿ ಬಿಸ್ಕೀಟಿನ ಡಬ್ಬಿಯ ಮುಚ್ಚಳ. ಮೇಲೆ ಯಾವುದೋ ದೇಶದ ನಗರಸಭೆಯ ಉಬ್ಬುಚಿತ್ರ. ಚಿತ್ರ ತೆಗೆದವನು ಕಟ್ಟಡವನ್ನು ನಡುವಿಗೆ ಕೂರಿಸಿರಲಿಲ್ಲ. ಎಡಗಡೆಗೆ ಹೋಗುತ್ತಾ ಹೋಗುತ್ತಾ ಒಂದು ಕಿಟಕಿ ಅರ್ಧ ಬಂದು, ಅಲ್ಲಿಗೆ ಮುಚ್ಚಳದ ಅಂಚು ಬಂದುಬಿಟ್ಟಿತ್ತು.

"ಆಯಿ, ಈ ಮುಚ್ಚಳ ಎಲ್ಲಿದ್ರಿ?"

"ಅಪ್ಪ ಕೊಟ್ಟಿದ್ದು. ಅಡತಿ ಸಾವಕಾರ ಮುಂಬಯಿಂದ ತಂದ ಡಬ್ಬೀದಂತ. ಮದುವ್ಯಾಗಿ ಹೊಂಟಾಗ ಕೈಯಾಗ ಇಟ್ಟು, ಇದನ್ನ ಇಟಗೋ ಅಂದ. ತಗಡಿಂದೇನ ಕೊಡತಿ ಅಂತ ಸಿಟ್ಟೂ ಬಂದಿತ್ತು ನನಗ."

ನಾನು ಆಕೆಯ ಬೆರಳು ಹಿಡಿದು ಮುಚ್ಚಳದ ಮೇಲೆ ಬಲಗಡೆಯಿಂದ ಎಡಗಡೆಗೆ ಮೆಲ್ಲಗೆ ಎಳೆದೆ. ಗೋಪುರ, ಗಡಿಯಾರ, ಗುಂಡ್ಯಾಗಳು, ಅರ್ಧ ಕಿಟಕಿ, ಅಂಚು. ಅಂಚಿನಿಂದ ಬೆರಳು ಜಾರಿ ಕೆಳಗೆ ಬಂತು. ಇನ್ನೊಂದು ಸಲ ಎಳೆದೆ. ಆಮೇಲೆ ಆಕೆ ನನ್ನ ಕೈ ಬಿಡಿಸಿಕೊಂಡು ತಾನೇ ಸವರಿದಳು, ಎಷ್ಟೋ ಹೊತ್ತು.

ಆ ಸಂಜೆ ದೀಪ ಹಚ್ಚುವುದನ್ನೂ ಮರೆತಳು.

ಬಿಜಾಪುರದ ದೊಡ್ಡ ಸಾಹೇಬರು ಬಂದ ದಿನ ಗಾಳಿ ಎದ್ದು ಬಯಲಿನ ಧೂಳೆಲ್ಲ ಹಾಲಿನೊಳಗೆ ಬಂದಿತ್ತು. ಪಾಟೀಲ ಸಾಹೇಬರು ಕೆಡವುವ ಶಿಫಾರಸು ಓದತೊಡಗಿದಾಗ ನಾನು ನಡುವೆ ಬಾಯಿ ಹಾಕಿ ಮುಚ್ಚಳವನ್ನು ಮೇಜಿನ ಮೇಲೆ ಇಟ್ಟೆ. ಟ್ರೇಸರ್ ಹುಡುಗಿ ಬಾಯಿ ಹಾಕುವ ಕಾಲವಲ್ಲ ಅದು. ದೊಡ್ಡ ಸಾಹೇಬರು ಮುಚ್ಚಳ ನೋಡಿದರು, ನಾನು ತಿಕ್ಕಿ ತೆಗೆದ ಚಿತ್ರ ನೋಡಿದರು, ಹೊರಗೆ ಹೋಗಿ ತಾವೇ ಏಣಿ ಹತ್ತಿ ಆ ಅರ್ಧ ಕಿಟಕಿಯ ಚೌಕಟ್ಟಿಗೆ ಚಾಕುವಿನ ಮೊನೆ ಹಾಕಿ ಕೆರೆದರು. ಎಡಗೋಡೆಯ ಅಂಚಿನ ಉದ್ದಕ್ಕೂ ಗಾರೆ ಒಂದೇ ಸಮ ಬಂದಿತ್ತು. ಮುರಿದ ಗುರುತು ಎಲ್ಲೂ ಇರಲಿಲ್ಲ. ರಾಶಿಯ ಕಲ್ಲುಗಳನ್ನು ಹೊರಳಿಸಿ ನೋಡಿದರೆ ಒಂದಕ್ಕೂ ಗಾರೆ ಹತ್ತಿರಲಿಲ್ಲ. ಕಟ್ಟಿ ಮಿಕ್ಕ ಕಲ್ಲುಗಳು ಅವು.

ನನ್ನ ಹಿಂದೆಯೇ ಓಣಿ ಸುತ್ತಿಕೊಂಡು ಬಂದು ಬಾಗಿಲ ಬಳಿ ನಿಂತಿದ್ದ ನೀಲವ್ವನನ್ನು ತೋರಿಸಿ, ಕಟ್ಟಿದವನ ಮಗಳು ಎಂದೆ. ದೊಡ್ಡ ಸಾಹೇಬರು ಕೇಳಿದರು. "ಅಲ್ಲವಾ, ಒಂದು ಕಡಿ ಗೋಪುರ ಕಟ್ಟಿದಾಂವಗ ಇನ್ನೊಂದು ಕಡಿ ಕಟ್ಟಬೇಕು ಅಂತ ತಿಳೀಲಿಲ್ಲೇನು?"

"ಮುಚ್ಚಳದಾಗ ಒಂದ ಇತ್ತಲ್ರಿ" ಎಂದಳು ನೀಲವ್ವ. "ಇಲ್ಲದ್ದು ಕಟ್ಟಿ, ಅಲ್ಲಿಯವ್ರು ನೋಡಿ ನಕ್ರ ಅಡತಿ ಸಾವಕಾರಗ ಅವಮಾನ ಅಲ್ಲೇನ್ರಿ?"

ದೊಡ್ಡ ಸಾಹೇಬರು ಮೀಸೆಯೊಳಗೇ ನಕ್ಕರು. ಪಾಟೀಲ ಸಾಹೇಬರೂ ನಕ್ಕು, ನನ್ನ ಕಡೆ ತಿರುಗಿ, "ನಿಮ್ಮ ಬರೋಕ್ ಗೆದ್ದಿತು ಬಿಡ್ರಿ" ಎಂದರು. ಕೆಡವುವ ಮಾತು ಅಲ್ಲಿಗೆ ಬಿತ್ತು. ಮಾಳಿಗೆ ಸೋರುವಲ್ಲಿ ಮಾತ್ರ ಗಾರೆ ಹಾಕಿಸಬೇಕೆಂದು ಆಯಿತು. ನಾನು ನಕ್ಷೆಗೆ ಶಾಯಿ ಹಾಕುವಾಗ ಎಡತುದಿಯಲ್ಲಿ, ಇಲ್ಲಿ ಗೋಪುರ ಕಟ್ಟಿರುವುದಿಲ್ಲ ಎಂದು ನನ್ನ ಕೈಲಾದಷ್ಟು ಚೆಂದದ ಅಕ್ಷರದಲ್ಲಿ ಬರೆದೆ.

ಮಳೆಗೆ ಮೊದಲು ಕೆಲಸ ಮುಗಿಸುವ ಅವಸರದಲ್ಲಿ ಹಾಲಿನ ಮುಂದೆಯೇ ಎತ್ತಿನ ಗಾಣ ಹೂಡಿ ಗಾರೆ ಅರೆದರು. ಬೆಲ್ಲದ ನೀರಿಗೆ ನೊಣ ಮುತ್ತಿ, ಆ ವಾಸನೆ ಸಂತೆಯ ಪೇಟೆಯವರೆಗೂ ಹಬ್ಬಿತ್ತು. ಒಂದು ಮಧ್ಯಾಹ್ನ ನಾನು ಕಿಟಕಿಯಿಂದ ನೋಡುತ್ತಿದ್ದಾಗ ನೀಲವ್ವ ಬಯಲಿನ ನೆಟ್ಟಗಿನ ದಾರಿಯಲ್ಲೇ ನಡೆದು ಬಂದಳು. ಕೈಯಲ್ಲಿ ಸಂತೆಯ ಚೀಲ. ಗಾಣದ ಹತ್ತಿರ ನಿಂತು, ಸೆರಗನ್ನು ಹಣೆಗೆ ಅಡ್ಡ ಹಿಡಿದು, ಎಡಗಡೆಯ ಆ ಖಾಲಿ ಆಕಾಶವನ್ನು ನೋಡತೊಡಗಿದಳು. ಇನ್ನೂ ಸುದ್ದಿ ಮುಟ್ಟದ ಯಾರೋ ಒಬ್ಬ ಗಾಡಿಯವನು ಎತ್ತು ನಿಲ್ಲಿಸಿ, ಹಳೆಯ ರೂಢಿಯಂತೆ ಕೇಳಿದ.

"ಏನಬೇ ಆಯಿ, ಬಿದ್ದ ಗೋಪುರ ನೋಡಾಕತ್ತಿ?"

ನೀಲವ್ವ ಅವನ ಕಡೆ ತಿರುಗಲಿಲ್ಲ. ಆದರೆ ಗಾಣದ ಗದ್ದಲದ ಮೇಲೆ, ಇಡೀ ಬಯಲಿಗೆ ಕೇಳುವಂತೆ ಹೇಳಿದಳು:

"ಬಿದ್ದಿಲ್ಲೋ ತಮ್ಮಾ. ನಮ್ಮಪ್ಪ ಆವಾಗನ ಹೇಳಿದ್ದ."